ಮಾತಿಲ್ಲದವನ ಕಡೆ ನೋಡಿ

ನಟನೆ ಕಲಿಸುವ ಜಾಗ ಒಳ್ಳೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಒಂದು ದಿನ ತಾಲೀಮಿನ ಕೋಣೆಯಲ್ಲಿ ಸುಮ್ಮನೆ ಕೂತಿರಬೇಕು. ಕೂರಲು ಬಿಡದವರ ಬಳಿ ಕಲಿಯಲು ಹೋಗುವುದೇ ಬೇಡ. ಗೋಡೆಯ ಮೇಲಿನ ತಾರೆಯರ ಫೋಟೋ, ಸರ್ಟಿಫಿಕೇಟು ಎಲ್ಲ ಆಮೇಲೆ.

ಕೂತಾಗ ಮಾತಾಡುವವನನ್ನು ನೋಡಬೇಡಿ. ರಾಜ ಗರ್ಜಿಸುತ್ತಿರುವಾಗ ಪಕ್ಕದಲ್ಲಿ ನಿಂತ ದೂತ ಏನು ಮಾಡುತ್ತಿದ್ದಾನೆ ನೋಡಿ. ತನ್ನ ಸರದಿ ಕಾಯುತ್ತ, ತುಟಿಯೊಳಗೇ ಮಾತು ಉರು ಹೊಡೆಯುತ್ತಿದ್ದರೆ ಅಲ್ಲಿ ಕಂಠಪಾಠವನ್ನಷ್ಟೇ ಕಲಿಸುತ್ತಿದ್ದಾರೆ. ರಾಜನ ಒಂದು ಶಬ್ದಕ್ಕೆ ಅವನ ಭುಜ ಇಷ್ಟೇ ಇಷ್ಟು ಬಿಗಿಯಿತೋ, ಅಲ್ಲಿಗೆ ಸೇರಿಕೊಳ್ಳಬಹುದು. ಆ ಬಿಗಿತ ನೋಡುವುದು ನನಗಂತೂ ಕೆಲವೊಮ್ಮೆ ಇಡೀ ನಾಟಕಕ್ಕಿಂತ ರುಚಿ.

ನಮ್ಮ ಹಳೆಯ ನಾಟಕ ಕಂಪನಿಗಳಿಗೆ ಈ ಗುಟ್ಟು ಗೊತ್ತಿತ್ತು. ತಂದೆ ಪುಟ್ಟಸ್ವಾಮಯ್ಯನವರ ಬೆನ್ನಿಗೆ ಬೆಳೆದ ರಾಜ್‌ಕುಮಾರ್, ಹುಡುಗನಾಗಿದ್ದಾಗಲೇ ಬಂದ ಬಿ. ವಿ. ಕಾರಂತ, ಇಬ್ಬರೂ ಗುಬ್ಬಿ ಕಂಪನಿಯ ನೆರಳಿನವರು. ಸೈಡ್ ವಿಂಗಿನಲ್ಲಿ ನಿಂತು ಹಿರಿಯರನ್ನು ಕೇಳಿಸಿಕೊಳ್ಳುವುದೇ ಕಂಪನಿ ಹುಡುಗರ ಪಾಠಶಾಲೆ.

ಆ ಕಿವಿಯನ್ನು ಈಗಲೂ ಪಳಗಿಸುವ ಕಡೆ ಯಾವುದು ಎಂದರೆ ನನ್ನ ಮನಸ್ಸು ಹೆಗ್ಗೋಡಿಗೆ ಹೋಗುತ್ತದೆ. ಸಾಗರದ ಅಡಿಕೆ ತೋಟಗಳ ನಡುವೆ ಕೆ. ವಿ. ಸುಬ್ಬಣ್ಣ 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ತೆರೆದರು. ಒಂದು ವರ್ಷ ಅಲ್ಲೇ ಉಳಿದು ಕಲಿಯಬೇಕು. ಪಾತ್ರ ಮಾಡಬೇಕೆಂದು ಬಂದವರು ರಂಗಸಜ್ಜಿಕೆ, ಬೆಳಕು, ಪ್ರಸಾಧನಕ್ಕೂ ಕೈ ಹಾಕುತ್ತಾರೆ. ಮುಖದ ಮೇಲೆ ಬೆಳಕು ಬೀಳುವುದಕ್ಕೆ ಇನ್ನೊಬ್ಬ ಎಲ್ಲಿ ನಿಂತು ಬೆವರಿದ್ದಾನೆ ಎಂದು ಗೊತ್ತಿರುವ ನಟ ಹೆಜ್ಜೆ ಇಡುವ ರೀತಿಯೇ ಬೇರೆ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಮ್ ತಿರುಗಾಟದಲ್ಲಿ ಇಂಥ ನಟರನ್ನು ನೋಡುವುದೊಂದು ಸೊಗಸು. ಇವತ್ತು ಸಭಾಭವನ, ನಾಳೆ ಶಾಲೆಯ ಬಯಲು. ಮಾತು ಅದೇ, ಆದರೆ ಎದುರಿನ ಜನ ಹೇಗೆ ಕೂತಿದ್ದಾರೆ ಎಂಬುದನ್ನು ಆಲಿಸಿಯೇ ದನಿ ಹೊರಡಬೇಕು.

ಇನ್ನು ಮೇಷ್ಟ್ರು ತಿದ್ದುವ ಬಗೆ. ಕೆಲವರು ತಾವೇ ಮಾಡಿ ತೋರಿಸುತ್ತಾರೆ; ತಿಂಗಳೊಳಗೆ ಹತ್ತು ಮಂದಿ ಶಿಷ್ಯರೂ ಅವರಂತೆಯೇ ಕೆಮ್ಮತೊಡಗುತ್ತಾರೆ. ಒಳ್ಳೆಯ ಮೇಷ್ಟ್ರು ಬೆಂಚಿನಿಂದ ಏಳುವುದೂ ಇಲ್ಲ. "ಇದನ್ನ ಯಾರಿಗೆ ಹೇಳ್ತಿದೀಯಪ್ಪಾ?" ಎನ್ನುತ್ತಾರೆ, ಅಷ್ಟೇ. ಹುಡುಗ ತಬ್ಬಿಬ್ಬಾಗಿ, ಎದುರಿದ್ದವಳ ಕಡೆ ಮೊದಲ ಸಲ ಸರಿಯಾಗಿ ನೋಡಿ, ಅದೇ ಸಾಲನ್ನು ಮತ್ತೆ ಹೇಳುತ್ತಾನೆ. ಈಗ ದನಿ ತಗ್ಗಿದೆ, ಮಾತಿಗೆ ತೂಕ ಬಂದಿದೆ.

ನನಗೆ ಸಿನಿಮಾ ಸಾಕು, ವಾರಾಂತ್ಯದ ತರಗತಿ ಸಾಕು ಎನ್ನುವವರೂ ಇದ್ದಾರೆ. ಅದೂ ಸರಿಯೇ. ಅಲ್ಲಿ ಮಾತಿಲ್ಲದೆ ಕೇಳಿಸಿಕೊಳ್ಳುವವನ ಮುಖ ತೋರಿಸುವ ರಿಯಾಕ್ಷನ್ ಶಾಟಿನ ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಕೇಳಿ ನೋಡಿ. ಮೊದಲ ವಾರವೇ ಅಳುವುದನ್ನು ಕಲಿಸುವ ಕಡೆ ನಾನಂತೂ ದುಡ್ಡು ಕಟ್ಟಲಾರೆ.