ಉಲ್ಕೆ ಬಿದ್ದ ಮೇಲೆ ನೋಡಬೇಕಾದದ್ದು: ಬೇಸಿಗೆಯ ರಸಿಕರಿಗೊಂದು ಕೈಪಿಡಿ

ಪ್ರತಿ ವರ್ಷ ಆಗಸ್ಟ್ 12 ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಸಂದೇಶ ಹತ್ತು ಕಡೆಯಿಂದ ಬರುತ್ತದೆ. ಇವತ್ತು ರಾತ್ರಿ ಆಕಾಶದಲ್ಲಿ ಬೆಳಕಿನ ಮಳೆ, ಗಂಟೆಗೆ ನೂರು ಉಲ್ಕೆ, ತಪ್ಪದೆ ನೋಡಿ! ಕಿಟಕಿ ತೆಗೆದರೆ ಹೊರಗೆ ಸೋನೆ ಹಿಡಿದಿರುತ್ತದೆ. ಆಶ್ಲೇಷಾ ಮಳೆ ಸುರಿಯುವ ದಿನಗಳಲ್ಲಿ ಪರ್ಸೀಡ್ ಉಲ್ಕಾವೃಷ್ಟಿ ನೋಡಿ ಎಂದು ಕನ್ನಡಿಗರಿಗೆ ಹೇಳುವವರು ಒಂದು ರಾತ್ರಿಯಾದರೂ ಅಂಗಳಕ್ಕೆ ಬಂದು ತಲೆ ಎತ್ತಿದವರಲ್ಲ. ಯುರೋಪು, ಅಮೆರಿಕದ ಬೇಸಿಗೆಗೆ ಒಪ್ಪುವ ಸುದ್ದಿಯನ್ನು ಇಲ್ಲಿನ ಮಳೆಗಾಲಕ್ಕೆ ತಂದು ಅಂಟಿಸುತ್ತಾರೆ, ಅಷ್ಟೆ. ಅದನ್ನು ನಂಬಿ ನಂದಿಬೆಟ್ಟದವರೆಗೆ ಹೋಗಿ, ಮೋಡ ನೋಡಿ, ಬೋಂಡಾ ತಿಂದು ವಾಪಸಾದವರು ಆಮೇಲೆ ಜನ್ಮದಲ್ಲಿ ಉಲ್ಕೆಯ ಸುದ್ದಿಗೆ ಬರುವುದಿಲ್ಲ. ಹೀಗೆ ನಾವು ಪ್ರತಿ ವರ್ಷ ಒಂದಷ್ಟು ರಸಿಕರನ್ನು ಕಳೆದುಕೊಳ್ಳುತ್ತಿದ್ದೇವೆ.

ನಮ್ಮ ಬೇಸಿಗೆಗೆ ನಮ್ಮದೇ ಉಲ್ಕಾವೃಷ್ಟಿ ಇದೆ. ಹೆಸರು ಈಟಾ ಅಕ್ವೇರಿಡ್. ಏಪ್ರಿಲ್ ಮೂರನೆಯ ವಾರದಲ್ಲಿ ಶುರುವಾಗಿ ಮೇ ಕೊನೆಯವರೆಗೂ ಸಣ್ಣಗೆ ನಡೆಯುತ್ತದೆ. ಮೇ 5, 6ರ ಆಸುಪಾಸಿನಲ್ಲಿ ಜೋರು. ಹ್ಯಾಲಿ ಧೂಮಕೇತು ಸೂರ್ಯನ ಬಳಿ ಬಂದುಹೋದಾಗಲೆಲ್ಲ ಬಿಟ್ಟ ಧೂಳು ಇದು. 1986ರಲ್ಲಿ ಹ್ಯಾಲಿ ಸರಿಯಾಗಿ ಕಾಣಲಿಲ್ಲ ಎಂದು ಇಂದಿಗೂ ಹಳಹಳಿಸುವವರಿದ್ದಾರೆ, 2061ಕ್ಕೆ ನಾವೆಲ್ಲಿರುತ್ತೇವೋ ಎಂದು ನಿಟ್ಟುಸಿರಿಡುವವರಿದ್ದಾರೆ. ಅವರೆಲ್ಲ ವರ್ಷಕ್ಕೆರಡು ಸಲ, ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ, ಅದೇ ಹ್ಯಾಲಿಯ ಕಣಗಳು ತಮ್ಮ ತಲೆಯ ಮೇಲೆಯೇ ಉರಿಯುವುದನ್ನು ನೋಡಬಹುದು. ಈ ಉಲ್ಕೆಗಳು ಹೊಮ್ಮುವಂತೆ ತೋರುವ ಬಿಂದು ಕುಂಭ ರಾಶಿಯಲ್ಲಿ, ಆಕಾಶದ ವಿಷುವದ್ವೃತ್ತಕ್ಕೆ ಅಂಟಿಕೊಂಡಂತಿದೆ. ಲಂಡನ್ನಿನವರಿಗೆ ಅದು ದಿಗಂತದಿಂದ ಮೇಲೇಳುವಷ್ಟರಲ್ಲಿ ಬೆಳಗಾಗುತ್ತದೆ. ಕರ್ನಾಟಕದಲ್ಲಿ ಕತ್ತಲು ಹರಿಯುವ ಮುಂಚೆ ಸುಮಾರು 40 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ. ಅಲ್ಲಿನವರಿಗೆ ಸಿಗದ ಕಾರಣಕ್ಕೇ ನಮ್ಮ ಪತ್ರಿಕೆಗಳಲ್ಲೂ ಇದಕ್ಕೆ ಜಾಗವಿಲ್ಲ.

ಉಲ್ಕೆ ಎಂದರೇನು, ನಕ್ಷತ್ರವೇ ಕಳಚಿ ಬೀಳುತ್ತದೆಯೇ ಎಂಬುದನ್ನೆಲ್ಲ ಶಾಲೆಯ ಪುಸ್ತಕದಲ್ಲಿ ಓದಿಕೊಳ್ಳಿ. ನಾನು ಹೇಳಬೇಕಾದದ್ದು ಒಂದೇ ಮಾತು: ಉಲ್ಕೆ ಬಿದ್ದ ಮೇಲೆ ನೋಡಿ. ಬೀಳುವುದು ಅರ್ಧ ಸೆಕೆಂಡಿನ ಕೆಲಸ, ಅದು ಯಾರ ಕಣ್ಣಿಗೂ ಬೀಳುತ್ತದೆ. ಬಿದ್ದ ದಾರಿಯಲ್ಲಿ ಆಮೇಲೂ ಉಳಿಯುವ ಬೆಳಕಿನ ಜಾಡನ್ನು ನೋಡುವವನೇ ರಸಿಕ.

ಜನ ಮಾಡುವುದೇನು? "ಅಗೋ! ಅಗೋ!" ಎಂದು ಕೂಗಿ, ಪಕ್ಕದವರ ಭುಜ ತಟ್ಟಿ, "ನೋಡ್ದ್ಯಾ, ನೋಡ್ದ್ಯಾ?" ಎಂದು ತಿರುಗುತ್ತಾರೆ. ತಿರುಗಿದ ಆ ಗಳಿಗೆಯಲ್ಲೇ ಮೇಲೆ ನಿಜವಾದದ್ದು ನಡೆಯುತ್ತಿರುತ್ತದೆ. ಆಮೇಲೆ ಲೆಕ್ಕ: ನಿನಗೆಷ್ಟು, ನನಗೆಷ್ಟು. ಕನ್ನಡದ ಓದುಗರಿಗೆ ಆಕಾಶ ನೋಡುವ ಹುಚ್ಚು ಹಿಡಿಸಿದ ಜಿ.ಟಿ. ನಾರಾಯಣ ರಾವ್ ಸಂಗೀತ ವಿಮರ್ಶಕರೂ ಆಗಿದ್ದರು. ಈ ಎರಡೂ ಒಬ್ಬರಲ್ಲೇ ಕೂಡಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಕಛೇರಿಯಲ್ಲಿ ಗಾಯಕ ತಾರಸ್ಥಾಯಿಗೆ ಏರಿ ನಿಂತ ಕೂಡಲೇ ಚಪ್ಪಾಳೆ ತಟ್ಟುವವರು ಅವನು ಅಲ್ಲಿಂದ ಹೇಗೆ ಇಳಿದ ಎಂಬುದನ್ನು ಎಂದೂ ಕೇಳಿಸಿಕೊಂಡಿರುವುದಿಲ್ಲ. ಉಲ್ಕೆ ಕಂಡೊಡನೆ ಕೂಗುವವರೂ ಆ ಜಾತಿಯವರೇ.

ಈಟಾ ಅಕ್ವೇರಿಡ್ ಬೇಸಿಗೆಯ ಉಲ್ಕೆ ಎಂಬುದಕ್ಕಿಂತ ಹೆಚ್ಚಾಗಿ ಜಾಡಿನ ಉಲ್ಕೆ ಎಂಬ ಕಾರಣಕ್ಕೇ ನನಗೆ ಪ್ರಿಯ. ಅದರ ವೇಗ ಸೆಕೆಂಡಿಗೆ 66 ಕಿಲೋಮೀಟರು. ಬೆಂಗಳೂರಿನಿಂದ ಮೈಸೂರಿಗೆ ಎರಡು, ಎರಡೂವರೆ ಸೆಕೆಂಡು ಸಾಕು. ಮರಳಿನ ಕಾಳಿನಷ್ಟು ಚಿಕ್ಕ ಕಣ ಈ ವೇಗದಲ್ಲಿ, ನೂರು ಕಿಲೋಮೀಟರಿನ ಆಸುಪಾಸಿನ ಎತ್ತರದ ತೆಳುಗಾಳಿಗೆ ನುಗ್ಗಿದಾಗ ಕಣ ಉರಿದುಹೋಗುವುದಲ್ಲದೆ ಗಾಳಿಯೂ ಹೊಳೆಯತೊಡಗುತ್ತದೆ. ಮೊದಲ ಒಂದೆರಡು ಸೆಕೆಂಡು ಕಾಣುವ ತಿಳಿಹಸಿರು ಗೆರೆ ಆಮ್ಲಜನಕದ ಪರಮಾಣುಗಳದು. ಧ್ರುವಪ್ರಭೆಯ ಹಸಿರಿಗೂ ಅದೇ ಮೂಲ. ಸಾಮಾನ್ಯ ಉಲ್ಕೆಗಳ ಜಾಡು ಅಲ್ಲಿಗೆ ಮುಗಿಯುತ್ತದೆ. ದೊಡ್ಡ ಉಲ್ಕೆಯಾದರೆ ಇನ್ನೊಂದು ಅಂಕ ಉಂಟು. ಕಣದಿಂದ ಕಳಚಿದ ಕಬ್ಬಿಣ, ಸೋಡಿಯಮ್ ಪರಮಾಣುಗಳು ಮೇಲಿನ ಓಜೋನಿನ ಜೊತೆ ಸೇರಿ ಮತ್ತೆ ಮತ್ತೆ ರಾಸಾಯನಿಕ ಕ್ರಿಯೆ ನಡೆಸುತ್ತ, ಉಷ್ಣವಿಲ್ಲದೆ ಬೆಳಕು ಕೊಡುತ್ತವೆ. ಈ ಜಾಡು ನಿಮಿಷಗಟ್ಟಲೆ ನಿಲ್ಲುತ್ತದೆ. ನೆಟ್ಟಗೆ ಎಳೆದ ಗೆರೆ ಮೆಲ್ಲಗೆ ಡೊಂಕಾಗುತ್ತದೆ. ಏಕೆಂದರೆ ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತಿರುತ್ತದೆ. ಅಷ್ಟೆತ್ತರ ಏರುವ ರಾಕೆಟ್ಟುಗಳು ಇನ್ನೂ ಇಲ್ಲದ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಷ್ಟು ಮೇಲೂ ಬಿರುಸಾದ ಗಾಳಿ ಇದೆ ಎಂದು ವಿಜ್ಞಾನಿಗಳು ತಿಳಿದದ್ದು ಈ ಜಾಡುಗಳು ತೇಲಿಹೋಗುವುದನ್ನು ನೋಡಿಯೇ. ವಿಮಾನ ಏರಲಾರದ ಎತ್ತರದ ಗಾಳಿಯನ್ನು ಚಾಪೆಯ ಮೇಲೆ ಮಲಗಿಕೊಂಡೇ ನೋಡುವ ಭಾಗ್ಯ ಬೇರೆ ಯಾವ ನೋಟದಲ್ಲಿದೆ?

ನನ್ನ ಕಣ್ಣು ತೆರೆದದ್ದು 2001ರ ನವೆಂಬರಿನಲ್ಲಿ, ಲಿಯೊನಿಡ್ ಉಲ್ಕಾವೃಷ್ಟಿಯ ರಾತ್ರಿ. ಚಿತ್ರದುರ್ಗದ ಕಡೆಯ ಒಂದು ಹಳ್ಳಿ ಶಾಲೆಯ ಮೈದಾನ. ಕಾಲೇಜಿನ ಹುಡುಗರಾದ ನಾವು ಬಿದ್ದ ಪ್ರತಿ ಉಲ್ಕೆಗೂ ಕೇಕೆ ಹಾಕುತ್ತಿದ್ದೆವು. ಜೊತೆಗೆ ಬಂದಿದ್ದ ಭೌತಶಾಸ್ತ್ರದ ಮೇಷ್ಟ್ರು ಕಂಬಳಿ ಹೊದ್ದು ಸುಮ್ಮನೆ ಮಲಗಿದ್ದರು. ಒಂದು ದೊಡ್ಡ ಉಲ್ಕೆ ನೆಲದ ಮೇಲೆ ನಮ್ಮ ನೆರಳು ಬೀಳುವಷ್ಟು ಬೆಳಕು ಚೆಲ್ಲಿ ಹೋಯಿತು. ನಾವು ಎದ್ದು ಕುಣಿದೆವು. ಮೇಷ್ಟ್ರು ಮಲಗಿದಲ್ಲಿಂದಲೇ, "ಬಿದ್ದಿದ್ದು ಬಿತ್ತು ಕಣ್ರೋ, ಉಳ್ದಿರೋದನ್ನ ನೋಡಿ" ಎಂದು ಗದರಿಸಿ ಬೈನಾಕ್ಯುಲರ್ ನನ್ನ ಕೈಗಿಟ್ಟರು. ಅದರೊಳಗೆ ಕಂಡದ್ದನ್ನು ನಾನು ಮರೆತಿಲ್ಲ. ಬರಿಗಣ್ಣಿಗೆ ಒಂದೇ ಗೆರೆಯಾಗಿ ಕಂಡದ್ದು ಒಳಗೆ ಅಕ್ಕಪಕ್ಕದ ಎರಡು ಎಳೆ, ನಡುವೆ ಕತ್ತಲು. ಜಾಡು ಕೊಳವೆಯ ಹಾಗೆ ಪೊಳ್ಳಾಗಿತ್ತು. ನೋಡುತ್ತಿದ್ದಂತೆ ಮಧ್ಯಭಾಗ ಎಡಕ್ಕೆ ಜಾರಿತು, ಕೆಳತುದಿ ಬಲಕ್ಕೆ ಸರಿಯಿತು, ಮೇಲ್ತುದಿ ಇದ್ದಲ್ಲೇ ಇತ್ತು. ಗೆರೆ ಮಡಚಿ, ಸುತ್ತಿಕೊಂಡು, ಕೊನೆಗೆ ಮಸುಕಾದ ಒಂದು ತುಣುಕು ಮಾತ್ರ ಉಳಿಯಿತು. ಅಷ್ಟು ಹೊತ್ತು ಗೆಳೆಯರು ಬೇರೆ ಉಲ್ಕೆಗಳನ್ನು ಎಣಿಸುತ್ತಿದ್ದರು. ಅಂದಿನಿಂದ ನಾನು ಲೆಕ್ಕ ಇಟ್ಟಿಲ್ಲ.

ಜಾಡು ಕಾಣಬೇಕಾದರೆ ಕಣ್ಣನ್ನು ಸಿದ್ಧಪಡಿಸಬೇಕು. ಕತ್ತಲಿಗೆ ಬಂದ ಕೂಡಲೇ ಕಾಣುವುದು ಅರೆಬರೆ. ಮಸುಕು ಬೆಳಕನ್ನು ಹಿಡಿಯುವ ಅಕ್ಷಿಪಟಲದ ಸರಳುಕೋಶಗಳು ಪೂರ್ತಿ ಎಚ್ಚರಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಬ್ಬರು ಗಂಟೆ ನೋಡಲು ಮೊಬೈಲ್ ತೆಗೆದರೂ ಆ ತಪಸ್ಸೆಲ್ಲ ನೀರುಪಾಲು, ಮತ್ತೆ ಮೊದಲಿನಿಂದ ಶುರು. ಆದ್ದರಿಂದ ನನ್ನ ಜೊತೆ ಬರುವವರ ಫೋನುಗಳು ಕಾರಿನಲ್ಲೇ ಉಳಿಯುತ್ತವೆ, ಇದರಲ್ಲಿ ರಾಜಿಯಿಲ್ಲ. ಕೆಂಪು ಬೆಳಕು ಸರಳುಕೋಶಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ. ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದವನ್ನು ಎರಡು ಮೂರು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು.

ಇನ್ನೊಂದು ಗುಟ್ಟು: ಜಾಡನ್ನು ನೇರವಾಗಿ ದಿಟ್ಟಿಸಬೇಡಿ. ಕಣ್ಣಿನ ನಟ್ಟನಡುವೆ ಸರಳುಕೋಶಗಳಿಲ್ಲ, ಅವು ಇರುವುದು ಸುತ್ತಮುತ್ತ. ಜಾಡಿನ ಪಕ್ಕದ ಯಾವುದಾದರೂ ನಕ್ಷತ್ರದ ಮೇಲೆ ದೃಷ್ಟಿ ಇಟ್ಟು, ಗಮನವನ್ನು ಮಾತ್ರ ಜಾಡಿನ ಮೇಲಿಡಿ. ಆರಿಹೋಯಿತು ಎಂದುಕೊಂಡ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಲ್ಕೆ ನೋಡಲು ಬೈನಾಕ್ಯುಲರ್ ಬೇಡ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಜಾಡು ನೋಡಲು ಮಾತ್ರ ಅದು ಬೇಕೇ ಬೇಕು. 7×50 ಅಥವಾ 10×50 ಆದರೆ ಸರಿ. ಕುತ್ತಿಗೆಗೆ ನೇತುಹಾಕಿಕೊಂಡು ಎದೆಯ ಮೇಲಿಟ್ಟು ಮಲಗಿ. ದೊಡ್ಡ ಉಲ್ಕೆ ಬಿದ್ದ ಮರುಕ್ಷಣ ಕಣ್ಣನ್ನು ಅಲ್ಲಿಂದ ಕೀಳದೆ ಎತ್ತಿ ಹಿಡಿಯುವುದು ರೂಢಿಯಾಗಬೇಕು.

ಗೆಳೆಯರನ್ನು ಕರೆಯುವಾಗಲೂ ಆರಿಸಿ ಕರೆಯಿರಿ. ಗಿಟಾರು, ಬೆಂಕಿ ಹಾಕಿ ಸುತ್ತ ಕೂರುವ ಚಟ, ರೀಲ್ಸಿನ ಹುಚ್ಚು ಇರುವವರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಐದಾರು ಜನ ಸಾಕು. ಎಲ್ಲರೂ ಒಂದೇ ಕಡೆ ನೋಡುವುದು ಬೇಡ, ಒಬ್ಬೊಬ್ಬರು ಒಂದೊಂದು ದಿಕ್ಕನ್ನು ಹಂಚಿಕೊಳ್ಳಿ. ಜಾಡು ಉಳಿದರೆ ಮಾತ್ರ ಬಾಯಿ ತೆರೆಯಬೇಕು, ಅದೂ ಕೈ ತೋರಿಸದೆ. ಕತ್ತಲಲ್ಲಿ ಬೆರಳು ಯಾರಿಗೆ ಕಾಣುತ್ತದೆ? "ಶ್ರವಣದ ಕೆಳಗೆ ಜಾಡು", "ಜ್ಯೇಷ್ಠಾ ಪಕ್ಕ ಜಾಡು" ಎಂದರೆ ಎಲ್ಲರ ಕಣ್ಣೂ ಒಟ್ಟಿಗೆ ಅಲ್ಲಿಗೆ ಹೋಗುತ್ತವೆ. ಇಪ್ಪತ್ತು ನಕ್ಷತ್ರಗಳ ಹೆಸರಾದರೂ ಗೊತ್ತಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಕುಂಭ ಮೂಡುವುದು ರಾತ್ರಿ ಒಂದೂವರೆ, ಎರಡು ಗಂಟೆಗೆ. ಹನ್ನೊಂದಕ್ಕೆ ಬಂದು ಹನ್ನೆರಡಕ್ಕೆ "ಏನೂ ಇಲ್ಲ ಮಾರಾಯ" ಎಂದು ಏಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಉಲ್ಕೆ ಹೊಮ್ಮುವ ಬಿಂದು ದಿಗಂತದ ಅಂಚಿನಲ್ಲಿರುವಾಗ ಬರುವ ಉಲ್ಕೆಗಳು ವಾಯುಮಂಡಲವನ್ನು ಸವರಿಕೊಂಡು ಹೋಗುತ್ತವೆ. ಎಣಿಕೆಗೆ ಬಲು ಕಡಿಮೆ, ಆದರೆ ಒಂದೊಂದೂ ಪೂರ್ವದಿಂದ ನೆತ್ತಿಯನ್ನು ದಾಟುವಷ್ಟು ಉದ್ದ. 2013ರ ಮೇ 6ರ ನಸುಕಿನಲ್ಲಿ ಅಂಥ ಒಂದು ಉಲ್ಕೆ ಆಕಾಶಗಂಗೆಯನ್ನು ಅಡ್ಡಲಾಗಿ ಸೀಳಿ ಹೋದದ್ದು, ಅದರ ಜಾಡು ಗಂಗೆಯ ಬೆಳಕಿನ ಮೇಲೆ ಬೇರೆಯಾಗಿ ಕಂಡದ್ದು ನೆನಪಿದೆ. ಸಾವಿರಾರು ವರ್ಷಗಳ ಹಿಂದೆ ಹ್ಯಾಲಿ ಬಿಟ್ಟ ಧೂಳಿನ ಪಟ್ಟಿಯೊಳಗೆ ಭೂಮಿ ಹೊಕ್ಕ ಆ ವರ್ಷ, ಉಲ್ಕೆಗಳ ದರ ಎಂದಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿತ್ತು. ಎಂದಿನ ವರ್ಷಗಳಲ್ಲಿ ಹೇಳುವ ದರ ಗಂಟೆಗೆ ಐವತ್ತು. ಬಿಂದು ನೆತ್ತಿಯ ಮೇಲಿದ್ದು, ಆಕಾಶಕ್ಕೆ ಯಾವ ಕಲ್ಮಷವೂ ಇಲ್ಲದಿದ್ದಾಗಿನ ಲೆಕ್ಕ ಅದು. ನಮ್ಮ ಒಳ್ಳೆಯ ಕತ್ತಲಲ್ಲಿ ಮೂರರಿಂದ ನಾಲ್ಕೂವರೆಯ ನಡುವೆ ಗಂಟೆಗೆ ಇಪ್ಪತ್ತು ಕಂಡರೆ ತೃಪ್ತಿಪಡಬೇಕು. ನಾಲ್ಕೂಮುಕ್ಕಾಲಿಗೆ ಪೂರ್ವ ಬೆಳ್ಳಗಾಗುತ್ತದೆ.

ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿರಿಯೂರು, ಚಳ್ಳಕೆರೆ, ಪಾವಗಡದ ಕಡೆಯ ಬಯಲು ನನಗೆ ಮಲೆನಾಡಿಗಿಂತ ಮೇಲು. ಪೂರ್ವ ದಿಗಂತ ತೆರೆದಿರಬೇಕು. ಭರಣಿ ಮಳೆ ಸಂಜೆ ಗುಡುಗಿ ಸುರಿದರೆ ಬೈಯಬೇಡಿ, ಧೂಳು ತೊಳೆದು ನಸುಕಿಗೆ ಆಕಾಶವನ್ನು ತಿಳಿಯಾಗಿಸುವುದು ಅದೇ. ಅಂಥ ರಾತ್ರಿ ಚೇಳು ಓಡಾಡುತ್ತವೆ, ಟಾರ್ಪಾಲಿನ ಮೇಲೆ ಮಲಗಿ. ಹೊಲದವರನ್ನು ಕೇಳಿಯೇ ಹೋಗಿ. ಮೇ ಆದರೂ ಮೂರು ಗಂಟೆಯ ಗಾಳಿಗೆ ಕಂಬಳಿ ಬೇಕು, ಅದೂ ಚಳ್ಳಕೆರೆಯದೇ ಆದರೆ ಲೇಸು.

ಫೋಟೋಗಳನ್ನು ನಂಬಬೇಡಿ. ಒಂದೇ ಚಿತ್ರದಲ್ಲಿ ಐವತ್ತು ಉಲ್ಕೆ ಚೆಲ್ಲಿದಂತಿದ್ದರೆ ಅದು ರಾತ್ರಿಯಿಡೀ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದ್ದು. ಹಾಗೆ ಯಾರ ಕಣ್ಣಿಗೂ ಕಂಡಿಲ್ಲ. ಡಿಸೆಂಬರಿನ ಜೆಮಿನಿಡ್‌ಗೆ ಎಣಿಕೆ ಧಾರಾಳ, ಗಂಟೆಗೆ ನೂರನ್ನೂ ದಾಟುತ್ತದೆ. ಆದರೆ ವೇಗ ಸೆಕೆಂಡಿಗೆ 35 ಕಿಲೋಮೀಟರು, ಹಿಂದೆ ಜಾಡು ಉಳಿಯುವುದು ಅಪರೂಪ. ಲೆಕ್ಕಪ್ರಿಯರಿಗೆ ಅದು ಹಬ್ಬ. ನನಗೆ ಅದರ ಸಂಭ್ರಮ ಹೊರಡುವ ಮುಂಚೆಯೇ ಮುಗಿದಿರುತ್ತದೆ. ಏಪ್ರಿಲ್ 22ರ ಲೈರಿಡ್ ಅಭ್ಯಾಸಕ್ಕೆ ಸಾಕು. ಅಕ್ಟೋಬರಿನ ಒರಿಯೊನಿಡ್ ಹ್ಯಾಲಿಯದೇ ಇನ್ನೊಂದು ಕೊಡುಗೆ, ಮಳೆ ಬಿಟ್ಟರೆ ಬಿಡಬೇಡಿ.

ಚಂದ್ರನಿದ್ದರೆ ಜಾಡು ಇಲ್ಲ. ಹಾಗಾಗಿ ಪಂಚಾಂಗ ನೋಡಿಯೇ ದಿನ ಗೊತ್ತುಮಾಡಬೇಕು. 2027ರಲ್ಲಿ ಮೇ 6 ಅಮಾವಾಸ್ಯೆ, ಗುರುವಾರ. ಈಟಾ ಅಕ್ವೇರಿಡ್ ಜೋರಾಗಿರುವ ಹೊತ್ತಿಗೆ ಇಡೀ ರಾತ್ರಿ ಕತ್ತಲು. ಇಂಥ ಯೋಗ ಮತ್ತೆ ಮತ್ತೆ ಬರುವುದಿಲ್ಲ. ಎರಡು ದಿನ ರಜೆ ಬರೆದಿಡಿ, ಒಂದು ಬೈನಾಕ್ಯುಲರ್ ಹೊಂದಿಸಿಕೊಳ್ಳಿ, ಅಲ್ಲಿಯವರೆಗೆ ಇಪ್ಪತ್ತು ನಕ್ಷತ್ರಗಳ ಹೆಸರು ಕಲಿಯಿರಿ. ಎಣಿಸುವವರು ಜೊತೆಗೆ ಬೇಡ.