ಪಟ್ಟಿಯೊಳಗಿನ ಪಟ್ಟಿ: ಮಕ್ಕಳ ಗಣಕಭಾಷೆಗಳ ಒಂದು ಕೊರತೆ

ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಗಣಕಯಂತ್ರಕ್ಕೆ ಆಜ್ಞೆ ಕೊಡುವ 'ಸ್ಕ್ರ್ಯಾಚ್' ಭಾಷೆಯನ್ನು ನಮ್ಮ ನಗರದ ಅನೇಕ ಮಕ್ಕಳು ಬಲ್ಲರು. ಅಮೆರಿಕದ ಎಂ.ಐ.ಟಿ.ಯಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ರೂಪಿಸಿದ ಈ ಭಾಷೆ 2007ರಲ್ಲಿ ಬೆಳಕು ಕಂಡಿತು. ಅದನ್ನು ಹೊಗಳುವವರು ಬಹಳ ಮಂದಿ. ಹೊಗಳಿಕೆಗೆ ಅದು ಅರ್ಹವೂ ಹೌದು. ನಾವಿಲ್ಲಿ ಅದರ ಒಂದು ಕೊರತೆಯನ್ನಷ್ಟೇ ಪರಿಶೀಲಿಸಬಯಸುತ್ತೇವೆ.

ಗಚ್ಚಿಬೌಲಿಯಲ್ಲಿರುವ ನಮ್ಮ ಬಂಧುಗಳ ಮಗಳು, ಏಳನೆಯ ತರಗತಿಯವಳು, ರಾಜ್ಯೋತ್ಸವದ ನಾಟಕಕ್ಕೆಂದು ತಮ್ಮ ವಸತಿ ಸಮುಚ್ಚಯದ ಕನ್ನಡ ಮನೆಗಳ ವಿವರವನ್ನು ಸ್ಕ್ರ್ಯಾಚ್‌ನಲ್ಲಿ ಕೂಡಿಸಹೊರಟಳು. ಮನೆಯವರ ಹೆಸರು, ದೂರವಾಣಿ ಸಂಖ್ಯೆ, ಪಾತ್ರ ವಹಿಸುವ ಮಕ್ಕಳು, ಇಷ್ಟೇ. ಆದರೆ ಸ್ಕ್ರ್ಯಾಚ್‌ನ ಪಟ್ಟಿಯೊಳಗೆ ಇನ್ನೊಂದು ಪಟ್ಟಿಯನ್ನಿಟ್ಟರೆ ಅದು ಪಟ್ಟಿಯಾಗಿ ಉಳಿಯದೆ ಬರಿಯ ಒಂದು ಸಾಲಿನ ಬರಹವಾಗುತ್ತದೆ. ಆದ್ದರಿಂದ ಅವಳು ಮೂರು ಬೇರೆ ಬೇರೆ ಪಟ್ಟಿಗಳನ್ನು ಮಾಡಿದಳು. ಒಂದು ಸಂಸಾರ ಬೆಂಗಳೂರಿಗೆ ಹೋಯಿತು. ಅವರ ಹೆಸರನ್ನು ಮೊದಲ ಪಟ್ಟಿಯಿಂದ ಅಳಿಸಿದಳು, ಉಳಿದೆರಡನ್ನು ಮರೆತಳು. ಅಲ್ಲಿಂದ ಕೆಳಗಿನ ಪ್ರತಿಯೊಬ್ಬರ ಹೆಸರಿಗೂ ಮತ್ತೊಬ್ಬರ ದೂರವಾಣಿ, ಮತ್ತೊಬ್ಬರ ಮಕ್ಕಳು! ತನಗೆ ಬುದ್ಧಿ ಸಾಲದೆಂದು ಹುಡುಗಿ ಅತ್ತಳು. ತಪ್ಪು ಅವಳದಲ್ಲ ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳ ಭಾಷೆ ಸರಳವಾಗಿರಬೇಕೆಂಬ ಸಮಾಧಾನ ಕೇಳಿಬರಬಹುದು. ಆದರೆ ಸೀಮರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು 1967ರಲ್ಲಿ ಮಕ್ಕಳಿಗಾಗಿಯೇ ರಚಿಸಿದ 'ಲೋಗೋ' ಭಾಷೆ 'ಲಿಸ್ಪ್'ನ ಕುಲದ್ದು. ಅದರಲ್ಲಿ ಪಟ್ಟಿಯೊಳಗೆ ಪಟ್ಟಿ ತೀರ ಸಹಜ. ನಲವತ್ತು ವರ್ಷಗಳ ಮೇಲೆ ಬಂದ ಭಾಷೆಯಲ್ಲಿ ಅದಿಲ್ಲವೆಂದರೆ ಏನೆನ್ನಬೇಕು? ಒಗ್ಗರಣೆ ಡಬ್ಬಿಯೊಳಗೆ ಸಾಸಿವೆ, ಜೀರಿಗೆಗಳ ಪುಟ್ಟ ಬಟ್ಟಲುಗಳನ್ನು ದಿನವೂ ಕಾಣುವ ಮಗುವಿಗೆ ಈ ಕಲ್ಪನೆ ಕಷ್ಟವೇ?

ಬರ್ಕ್ಲಿಯ ಬ್ರಯನ್ ಹಾರ್ವೆ ಹಾಗೂ ಜರ್ಮನಿಯ ಯೆನ್ಸ್ ಮೋನಿಗ್ ಕಟ್ಟಿದ 'ಸ್ನ್ಯಾಪ್' ಈ ಕೊರತೆಯನ್ನು ನೀಗಿದೆ. ಪಟ್ಟಿಗಳ ಪಟ್ಟಿಯನ್ನು ಅದು ಕೋಷ್ಟಕವಾಗಿ ತೋರಿಸುತ್ತದೆ. ಅದರ ಭಾಷೆಗಳ ಸಾಲಿನಲ್ಲಿ ಕನ್ನಡವೂ ಇರುವುದು ಸಂತೋಷದ ಸಂಗತಿ. ಆದರೂ ಒಂದು ಆಕ್ಷೇಪವುಂಟು. ಒಂದೇ ಪಟ್ಟಿಯನ್ನು ಎರಡು ಕಡೆ ಇಟ್ಟು, ಒಂದು ಕಡೆ ಹೆಸರು ಸೇರಿಸಿದರೆ ಇನ್ನೊಂದು ಕಡೆಯೂ ಸೇರಿಬಿಡುತ್ತದೆ. ಅವೆರಡೂ ಒಂದೇ ಎಂಬುದನ್ನು ಕೋಷ್ಟಕ ತಿಳಿಸುವುದಿಲ್ಲ. ಕಣ್ಣಿಗೆ ಕಾಣಿಸುವುದೇ ಇಂಥ ಭಾಷೆಗಳ ಹೆಗ್ಗಳಿಕೆಯಾದರೆ ಇದೂ ಕಾಣಬೇಡವೇ?

ನಿಘಂಟಿನ ಮಾತು ಇದಕ್ಕಿಂತ ಮುಖ್ಯವಾದದ್ದು. ಪಟ್ಟಿಯಲ್ಲಿ 'ಮೂರನೆಯದು' ಎಂದು ಕೇಳಬೇಕು. ನಿಘಂಟಿನಲ್ಲಿ ಹೆಸರು ಹೇಳಿ ಕೇಳಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆಯುವ ನಾವು ಪದವನ್ನು ಹುಡುಕುತ್ತೇವೆಯೇ ಹೊರತು ಅದು ಎಷ್ಟನೆಯ ಪದವೆಂದು ಎಣಿಸುವುದಿಲ್ಲ. ಮೊಬೈಲ್ ಅಪ್ಲಿಕೇಶನ್‌ಗಳನ್ನು ಕಟ್ಟುವ 'ಆ್ಯಪ್ ಇನ್ವೆಂಟರ್'ನಲ್ಲಿ ಮೊದಲು ಜೋಡಿಗಳ ಪಟ್ಟಿಯಿಂದಲೇ ಈ ಕೆಲಸ ಸಾಗುತ್ತಿತ್ತು; ಆಮೇಲೆ ನಿಘಂಟಿಗೇ ಪ್ರತ್ಯೇಕ ತುಂಡುಗಳು ಬಂದವು. ಇದು ಸರಿಯಾದ ಹೆಜ್ಜೆ. ನಮ್ಮ ಹುಡುಗಿಯ ಸಂಖ್ಯೆಗಳು ಹೆಸರಿಗೇ ಅಂಟಿಕೊಂಡಿದ್ದರೆ, ಒಂದು ಹೆಸರು ಅಳಿದಾಗ ಅದರ ಸಂಖ್ಯೆಯೂ ಜೊತೆಗೇ ಹೋಗುತ್ತಿತ್ತು. ಉಳಿದವರ ವಿವರ ಕದಲುತ್ತಿರಲಿಲ್ಲ. ಎರಡರಲ್ಲಿ ಒಂದನ್ನೇ ಮೊದಲು ಸೇರಿಸಬೇಕಾದರೆ ನಾವು ನಿಘಂಟಿನ ಪರ.

ಹೊಸಲು ತಗ್ಗಾಗಿರುವುದು ಒಳ್ಳೆಯದೇ. ಆದರೆ ಒಳಗೆ ಬಂದ ಮಗು ಎದ್ದು ನಿಂತಾಗ ಸೂರು ತಲೆಗೆ ಬಡಿಯಬಾರದು. ಹಾಗೆ ಬಡಿದಾಗ ದೂರಬೇಕಾದದ್ದು ಸೂರನ್ನೇ ಹೊರತು ಮಗುವನ್ನಲ್ಲವೆಂಬುದನ್ನು ತಾಯಿತಂದೆಯರು ನೆನಪಿಡಬೇಕೆಂದು ನಮ್ಮ ಅರಿಕೆ.