ರೀಚಾರ್ಜ್ ಸೆಲ್ಲು: ಆಕ್ಷೇಪ ಮತ್ತು ನಿಜವಾದ ದೋಷ

ಟಾರ್ಚು, ರೇಡಿಯೊ, ಕ್ಯಾಮೆರಾಗಳಂಥ ಕೈಸಾಧನಗಳಿಗೆ ರೀಚಾರ್ಜ್ ಮಾಡಬಲ್ಲ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಬಳಸುವುದರ ವಿರುದ್ಧ ಪದೇ ಪದೇ ಕೇಳಿಬರುವ ಆಕ್ಷೇಪವೆಂದರೆ, ಅವುಗಳ ವೋಲ್ಟೇಜು, ಅಂದರೆ ವಿದ್ಯುತ್ತನ್ನು ಮುಂದಕ್ಕೆ ತಳ್ಳುವ ಒತ್ತಡ, ಕೇವಲ 1.2 ಇರುವುದರಿಂದ ಒಮ್ಮೆ ಬಳಸಿ ಎಸೆಯುವ 1.5 ವೋಲ್ಟಿನ ಆಲ್ಕಲೈನ್ ಸೆಲ್ಲಿನ ಜಾಗಕ್ಕೆ ಅವು ಸಲ್ಲವು ಎಂಬುದು. ಈ ಆಕ್ಷೇಪ ಸೆಲ್ಲಿನ ಮೇಲೆ ಅಚ್ಚಾದ ಅಂಕಿಯನ್ನು ನೋಡುತ್ತದೆಯೇ ಹೊರತು ಅದರ ನಡವಳಿಕೆಯನ್ನಲ್ಲ. ಆಲ್ಕಲೈನ್ ಸೆಲ್ಲು 1.5 ವೋಲ್ಟನ್ನು ಹೊಸದಾಗಿದ್ದಾಗ ಮಾತ್ರ ಕೊಟ್ಟು, ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ. ನಿಕಲ್ ಸೆಲ್ಲಾದರೋ ಬರಿದಾಗುವ ತುಸು ಮುಂಚಿನವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೇಲಾಗಿ ಅದರ ಆಂತರಿಕ ರೋಧ, ಅಂದರೆ ಸೆಲ್ಲು ತನ್ನೊಳಗೇ ಪ್ರವಾಹಕ್ಕೆ ಒಡ್ಡುವ ತಡೆ, ಕಡಿಮೆಯಾದ್ದರಿಂದ, ಕ್ಯಾಮೆರಾದ ಫ್ಲ್ಯಾಶ್‌ನಂತೆ ಒಮ್ಮೆಲೇ ಹೆಚ್ಚು ವಿದ್ಯುತ್ ಬೇಡುವ ಸಾಧನಗಳಲ್ಲಿ ಅದೇ ಮೇಲು.

ಹಳೆಯ ನಿಕಲ್ ಸೆಲ್ಲುಗಳ ನಿಜವಾದ ಕೊರತೆ ಬೇರೆಯೇ ಇತ್ತು: ಬಳಸದೆ ಇಟ್ಟರೂ ಅವು ಕೆಲವೇ ತಿಂಗಳಲ್ಲಿ ತಾವಾಗಿ ಬರಿದಾಗುತ್ತಿದ್ದವು. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿ ತಂದ ಎನಿಲೂಪ್ ಸೆಲ್ಲು ಈ ಸೋರಿಕೆಯನ್ನು ಬಹುಮಟ್ಟಿಗೆ ತಡೆಯಿತು. ಆದರೂ ವರ್ಷಗಟ್ಟಲೆ ಒಂದೇ ಸೆಲ್ಲಿನಲ್ಲಿ ನಡೆಯುವ ಗೋಡೆ ಗಡಿಯಾರಕ್ಕೆ ಇದು ಅನಗತ್ಯ ವೆಚ್ಚ. ಬಳಕೆಯಲ್ಲಿ ಶಿಸ್ತೂ ಬೇಕು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಿದರೆ ದುರ್ಬಲ ಸೆಲ್ಲು ಮೊದಲೇ ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಸಿಕ್ಕಿ ಅದರ ಧನ ಋಣ ಧ್ರುವಗಳು ತಿರುವುಮುರುವಾಗಿ ಶಾಶ್ವತವಾಗಿ ಕೆಡಬಹುದು.

ಇಷ್ಟಾದರೂ ನಿಕಲ್ ಸೆಲ್ಲಿಗೆ ಒಂದು ದೊಡ್ಡ ಗುಣವಿದೆ: ಕೆಟ್ಟಾಗ ಅದನ್ನು ತೆಗೆದು ಬೇರೆಯದನ್ನು ಹಾಕಬಹುದು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಟ್ಟು ಇಂದಿನ ಹಗುರ ಮೊಬೈಲನ್ನು ಸಾಧ್ಯವಾಗಿಸಿತೆಂಬುದು ನಿಜ. ಆದರೆ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಕುಗ್ಗುವ ಈ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಮುಚ್ಚುವ ಪದ್ಧತಿ, ಪುನರ್ಬಳಕೆಯ ಉದ್ದೇಶವನ್ನೇ ಸೋಲಿಸುತ್ತದೆ, ಏಕೆಂದರೆ ಅಲ್ಲಿ ಸೆಲ್ಲಿನ ಆಯುಷ್ಯವೇ ಇಡೀ ಸಾಧನದ ಆಯುಷ್ಯವಾಗಿಬಿಡುತ್ತದೆ. ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ, ವಿನ್ಯಾಸದ ಆಯ್ಕೆ. ಯುರೋಪಿಯನ್ ಒಕ್ಕೂಟದ 2023ರ ನಿಯಮವು, ಕೆಲವು ವಿನಾಯಿತಿಗಳೊಡನೆ, 2027ರ ಫೆಬ್ರವರಿಯಿಂದ ಇಂಥ ಬ್ಯಾಟರಿಗಳನ್ನು ಬಳಕೆದಾರರೇ ಬದಲಿಸುವಂತಿರಬೇಕೆಂದು ವಿಧಿಸಿದೆ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬ್ಯಾಟರಿ ಬಳಕೆದಾರರ ಕೈಗೆ ಎಟುಕುವಂತಿರಬೇಕೆಂಬ ಷರತ್ತೂ ಅವುಗಳಿಗೆ ಸೇರಬೇಕು.